20 ವಾರದಲ್ಲಿ 19 ವಾರ ಗೆದ್ದರೂ ನಷ್ಟವೇ! ಎಫ್ ಆ್ಯಂಡ್ ಒ ಟ್ರೇಡಿಂಗ್ ಹಿಂದಿನ ಸಂಭವನೀಯತೆ ಲೆಕ್ಕ

ಷೇರು ವಹಿವಾಟಿನ ಆ್ಯಪ್‌ಗೆ ಲಾಗಿನ್ ಆದರೆ ಪರದೆ ಮೇಲೊಂದು ಎಚ್ಚರಿಕೆ ಬರುತ್ತದೆ. ಫ್ಯೂಚರ್ಸ್ ಆ್ಯಂಡ್ ಆಪ್ಷನ್ಸ್, ಅಂದರೆ ಎಫ್ ಆ್ಯಂಡ್ ಒ ವಿಭಾಗದಲ್ಲಿ ವಹಿವಾಟು ನಡೆಸಿದ 10 ಮಂದಿಯಲ್ಲಿ 9 ಮಂದಿ ನಷ್ಟ ಅನುಭವಿಸಿದ್ದಾರೆ ಎಂಬುದು ಅದರ ಮೊದಲ ಅಂಶ. ಷೇರುಪೇಟೆ ನಿಯಂತ್ರಕ ಸೆಬಿ 2023ರ ಜುಲೈನಿಂದ ಈ ಎಚ್ಚರಿಕೆಯನ್ನು ಕಡ್ಡಾಯ ಮಾಡಿದೆ. ಓದಿದ್ದೇನೆ ಎಂದು ಒಪ್ಪಿಗೆ ಕೊಟ್ಟರಷ್ಟೇ ಮುಂದಿನ ಪುಟ ತೆರೆಯುತ್ತದೆ.

ಲಕ್ಷಾಂತರ ಮಂದಿ ದಿನವೂ ಒಪ್ಪಿಗೆ ಒತ್ತಿ ಮುಂದೆ ಹೋಗುತ್ತಿದ್ದಾರೆ. ಎಚ್ಚರಿಕೆ ಬಂದ ಮೇಲೂ ನಷ್ಟ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಇದನ್ನು ದುರಾಸೆ ಎಂದು ಬೈದು ಮುಗಿಸುವುದು ಸುಲಭ. ಆದರೆ ಸೋಲುತ್ತಿರುವವರಲ್ಲಿ ಹಲವರು ತಾವು ಗೆಲ್ಲುತ್ತಿದ್ದೇವೆ ಎಂದೇ ನಂಬಿರುತ್ತಾರೆ. ಅವರ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಎಷ್ಟು ಸಲ ಗೆದ್ದೆ ಎಂಬ ಲೆಕ್ಕ ಅವರ ಬಳಿ ಇದೆ. ಎಷ್ಟು ಸಲ, ಎಷ್ಟೆಷ್ಟು ಎಂಬ ಜೋಡಿ ಲೆಕ್ಕ ಇಲ್ಲ. ಗಣಿತದಲ್ಲಿ ಆ ಜೋಡಿ ಲೆಕ್ಕಕ್ಕೆ ಸಂಭವನೀಯತೆಯ ಹಂಚಿಕೆ ಎಂದು ಹೆಸರು.

ಸೆಬಿ ಅಂಕಿಅಂಶ ಏನು ಹೇಳುತ್ತದೆ?

ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆ್ಯಂಡ್ ಒ ವಹಿವಾಟು ನಡೆಸಿದ 1 ಕೋಟಿಗೂ ಹೆಚ್ಚು ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93ರಷ್ಟು ಮಂದಿ ಹಣ ಕಳೆದುಕೊಂಡಿದ್ದಾರೆ. ವಹಿವಾಟು ವೆಚ್ಚವೂ ಸೇರಿ ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. ಮೂರು ವರ್ಷದ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ವೆಚ್ಚ ಕಳೆದು 1 ಲಕ್ಷ ರೂಪಾಯಿಗಿಂತ ಹೆಚ್ಚು ಲಾಭ ಕಂಡವರು ಶೇ. 1ರಷ್ಟು ಮಾತ್ರ.

2025ರ ಜುಲೈನಲ್ಲಿ ಬಂದ ಮುಂದಿನ ಅಧ್ಯಯನದಲ್ಲೂ ಚಿತ್ರ ಬದಲಾಗಲಿಲ್ಲ. 2024-25ರಲ್ಲಿ ಸುಮಾರು ಶೇ. 91ರಷ್ಟು ಮಂದಿ ನಷ್ಟ ಅನುಭವಿಸಿದರು. ವೈಯಕ್ತಿಕ ಹೂಡಿಕೆದಾರರ ನಿವ್ವಳ ನಷ್ಟ ಹಿಂದಿನ ವರ್ಷದ 74,812 ಕೋಟಿಯಿಂದ 1,05,603 ಕೋಟಿ ರೂಪಾಯಿಗೆ ಏರಿತು. ಒಂದೇ ವರ್ಷದಲ್ಲಿ ಶೇ. 41ರಷ್ಟು ಹೆಚ್ಚಳ.

ಕಳೆದುಕೊಂಡವರು ಯಾರು ಎಂಬುದು ಇನ್ನೂ ಮುಖ್ಯ. ಈ ವಹಿವಾಟಿನಲ್ಲಿರುವ 30 ವರ್ಷದೊಳಗಿನವರ ಪ್ರಮಾಣ 2022-23ರಲ್ಲಿ ಶೇ. 31 ಇದ್ದದ್ದು ಮರುವರ್ಷ ಶೇ. 43ಕ್ಕೆ ಹೋಯಿತು. ವಾರ್ಷಿಕ ಆದಾಯ 5 ಲಕ್ಷ ರೂಪಾಯಿಗಿಂತ ಕಡಿಮೆ ಎಂದು ಘೋಷಿಸಿಕೊಂಡವರೇ ಶೇ. 75ಕ್ಕೂ ಹೆಚ್ಚು. ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಬಾಡಿಗೆ ರೂಮಿನಲ್ಲಿದ್ದು ಊರಿಗೆ ದುಡ್ಡು ಕಳಿಸುವ ಯುವಕನಿಗೆ 2 ಲಕ್ಷ ರೂಪಾಯಿ ಅಂದರೆ ಹಲವು ತಿಂಗಳ ಸಂಬಳ.

ಏನಿದು ರ‍್ಯಾಂಡಮ್ ವೇರಿಯಬಲ್?

ದಾಳ ಉರುಳಿಸಿದರೆ 1ರಿಂದ 6ರೊಳಗೆ ಯಾವುದೋ ಒಂದು ಸಂಖ್ಯೆ ಬರುತ್ತದೆ. ಯಾವುದು ಎಂದು ಮೊದಲೇ ಗೊತ್ತಿಲ್ಲ. ಆದರೆ ಏನೇನು ಬರಬಹುದು, ಯಾವುದಕ್ಕೆ ಎಷ್ಟು ಸಾಧ್ಯತೆ ಎಂಬುದು ಗೊತ್ತು. ಹೀಗೆ ಆಕಸ್ಮಿಕವಾಗಿ ಬೆಲೆ ಪಡೆಯುವ ಸಂಖ್ಯೆಯೇ ರ‍್ಯಾಂಡಮ್ ವೇರಿಯಬಲ್. ಬರಬಹುದಾದ ಬೆಲೆಗಳನ್ನೂ ಅವುಗಳ ಸಾಧ್ಯತೆಯನ್ನೂ ಒಟ್ಟಿಗೆ ಬರೆದಿಟ್ಟ ಪಟ್ಟಿಯೇ ಅದರ ಹಂಚಿಕೆ.

ಪ್ರತಿ ಬೆಲೆಯನ್ನು ಅದರ ಸಾಧ್ಯತೆಯಿಂದ ಗುಣಿಸಿ ಎಲ್ಲವನ್ನೂ ಕೂಡಿದರೆ ನಿರೀಕ್ಷಿತ ಮೌಲ್ಯ ಸಿಗುತ್ತದೆ. ದಾಳದಲ್ಲಿ ಅದು 3.5. ಯಾವ ದಾಳದಲ್ಲೂ ಮೂರೂವರೆ ಬೀಳುವುದಿಲ್ಲ. ಸಾವಿರಾರು ಸಲ ಎಸೆದರೆ ಸರಾಸರಿ ಅದರ ಹತ್ತಿರ ಬಂದು ನಿಲ್ಲುತ್ತದೆ, ಅಷ್ಟೇ.

ವಾರದ ಕೊನೆಗೆ ನಿಮ್ಮ ಟ್ರೇಡಿಂಗ್ ಖಾತೆಯಲ್ಲಿ ಕಾಣುವ ಲಾಭ ಅಥವಾ ನಷ್ಟವೂ ಇಂಥದ್ದೇ ಒಂದು ರ‍್ಯಾಂಡಮ್ ವೇರಿಯಬಲ್. ಅದರ ಹಂಚಿಕೆ ಹೇಗಿದೆ ಎಂದು ನೋಡಿದರೆ ಅರ್ಧ ಗುಟ್ಟು ಬಯಲಾಗುತ್ತದೆ.

ಶೇ. 95ರಷ್ಟು ಗೆಲುವು, ಆದರೂ ಕೈ ಖಾಲಿ

ಆಪ್ಷನ್ ಎಂದರೆ ಒಂದು ಒಪ್ಪಂದ. ನಿಗದಿತ ದಿನದಂದು ಸೂಚ್ಯಂಕ ಇಂತಿಷ್ಟು ಮಟ್ಟ ದಾಟಿದ್ದರೆ ಖರೀದಿಸಿದವರಿಗೆ ಹಣ ಸಿಗುತ್ತದೆ. ಅದಕ್ಕಾಗಿ ಅವರು ಮೊದಲೇ ಪ್ರೀಮಿಯಂ ಕಟ್ಟುತ್ತಾರೆ. ಮಾರಿದವರು ಆ ಪ್ರೀಮಿಯಂ ಪಡೆಯುತ್ತಾರೆ, ಮಟ್ಟ ದಾಟಿದರೆ ಹಣ ಕೊಡುತ್ತಾರೆ.

ದೂರದ ಮಟ್ಟದ ಆಪ್ಷನ್ ಮಾರುವ ಒಬ್ಬರನ್ನು ಊಹಿಸಿಕೊಳ್ಳಿ. 20 ವಾರಗಳಲ್ಲಿ 19 ವಾರ ಮಟ್ಟ ದಾಟುವುದಿಲ್ಲ. ಪ್ರತಿ ಬಾರಿ 2,000 ರೂಪಾಯಿ ಲಾಭ. ಒಂದು ವಾರ ಮಾತ್ರ ಪೇಟೆ ತಿರುಗಿಬೀಳುತ್ತದೆ, 50,000 ರೂಪಾಯಿ ಹೋಗುತ್ತದೆ. ಈಗ ಲೆಕ್ಕ ನೋಡಿ. 2,000ದ ಶೇ. 95 ಅಂದರೆ 1,900. 50,000ದ ಶೇ. 5 ಅಂದರೆ 2,500. ಎರಡನ್ನೂ ಕಳೆದರೆ ವಾರಕ್ಕೆ ಸರಾಸರಿ 600 ರೂಪಾಯಿ ನಷ್ಟ. ಬ್ರೋಕರೇಜ್, ತೆರಿಗೆ ಇನ್ನೂ ಸೇರಿಲ್ಲ.

ಈ ವ್ಯಕ್ತಿ ಸುಳ್ಳು ಹೇಳದೆಯೇ ತನ್ನ ವಿಧಾನಕ್ಕೆ ಶೇ. 95ರಷ್ಟು ಯಶಸ್ಸು ಇದೆ ಎಂದು ಜಾಹೀರಾತು ಕೊಡಬಹುದು. ಟೆಲಿಗ್ರಾಂ ಚಾನೆಲ್‌ಗಳಲ್ಲಿ ಓಡಾಡುವ 'ಆ್ಯಕ್ಯುರೆಸಿ' ಎಂಬ ಮಾತಿನ ಪೊಳ್ಳುತನ ಇರುವುದು ಇಲ್ಲಿಯೇ. ಅದು ಸಾಧ್ಯತೆಯ ಅಂಕಣವನ್ನು ಮಾತ್ರ ತೋರಿಸಿ, ಮೊತ್ತದ ಅಂಕಣವನ್ನು ಮುಚ್ಚಿಡುತ್ತದೆ.

ಇದರಲ್ಲಿ ಇನ್ನೊಂದು ಮೋಸವಿದೆ. ಇದೇ ಉದಾಹರಣೆಯಲ್ಲಿ ಮೊದಲ 10 ವಾರ ಒಂದೂ ಸೋಲಿಲ್ಲದೆ ದಾಟುವ ಸಾಧ್ಯತೆ ಸುಮಾರು ಶೇ. 60. ಅಂದರೆ ಶುರು ಮಾಡಿದ ಹತ್ತು ಮಂದಿಯಲ್ಲಿ ಆರು ಮಂದಿಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಗೆಲುವೇ ಗೆಲುವು. ಕೈ ಪಳಗಿತು ಎಂಬ ಧೈರ್ಯ ಬರುತ್ತದೆ, ಬಂಡವಾಳ ದುಪ್ಪಟ್ಟಾಗುತ್ತದೆ, ಕೆಲವರು ಪರ್ಸನಲ್ ಲೋನ್‌ಗೂ ಕೈ ಹಾಕುತ್ತಾರೆ. ಆದರೆ ಪೂರ್ತಿ 52 ವಾರ ಸೋಲಿಲ್ಲದೆ ದಾಟುವ ಸಾಧ್ಯತೆ ಶೇ. 7 ಮಾತ್ರ. ದೊಡ್ಡ ಹೊಡೆತ ಬೀಳುವ ವಾರ, ಬಂಡವಾಳ ಅತಿ ಹೆಚ್ಚು ಇರುವ ವಾರವೂ ಆಗಿರುತ್ತದೆ.

'ಝೀರೋ ಟು ಹೀರೋ' ಕನಸು

ಕೊಳ್ಳುವವರ ಚಿತ್ರ ಇದರ ತಲೆಕೆಳಗು. ಒಪ್ಪಂದ ಮುಗಿಯುವ ದಿನ ಅಗ್ಗದ ಆಪ್ಷನ್ ಕೊಂಡು ಒಂದೇ ದಿನದಲ್ಲಿ ಹಲವು ಪಟ್ಟು ಮಾಡುವ ಆಟಕ್ಕೆ ಪೇಟೆಯಲ್ಲಿ 'ಝೀರೋ ಟು ಹೀರೋ' ಎಂದೇ ಹೆಸರು. ಪ್ರತಿ ಸಲ 5,000 ರೂಪಾಯಿ ಹಾಕುತ್ತಾರೆ ಎಂದುಕೊಳ್ಳಿ. ಹತ್ತರಲ್ಲಿ ಒಂಬತ್ತು ಸಲ ಅಷ್ಟೂ ಹೋಗುತ್ತದೆ. ಒಂದು ಸಲ 40,000 ರೂಪಾಯಿ ಲಾಭ ಬರುತ್ತದೆ. ಸರಾಸರಿ ತೆಗೆದರೆ ಪ್ರತಿ ಸಲಕ್ಕೆ 500 ರೂಪಾಯಿ ನಷ್ಟ.

ಮಾರಿದವರಿಗೆ 600, ಕೊಂಡವರಿಗೆ 500. ನಿರೀಕ್ಷಿತ ನಷ್ಟ ಹೆಚ್ಚುಕಡಿಮೆ ಒಂದೇ. ಆದರೆ ಅನುಭವ ಸಂಪೂರ್ಣ ಬೇರೆ. ಒಬ್ಬರಿಗೆ ವಾರ ವಾರವೂ ಗೆದ್ದ ಖುಷಿ, ಮತ್ತೊಬ್ಬರಿಗೆ ಲಾಟರಿ ಹೊಡೆದ ಒಂದು ದಿನದ ನೆನಪು. ಇಬ್ಬರೂ ನೆನಪಿಟ್ಟುಕೊಳ್ಳುವುದು ಗೆದ್ದದ್ದನ್ನೇ. ಸತತ ಎರಡು ವರ್ಷ ನಷ್ಟ ಅನುಭವಿಸಿದವರಲ್ಲಿ ಶೇ. 75ಕ್ಕೂ ಹೆಚ್ಚು ಮಂದಿ ವಹಿವಾಟು ಮುಂದುವರಿಸಿದ್ದಾರೆ ಎಂದು ಸೆಬಿ ಅಧ್ಯಯನ ಹೇಳುವುದಕ್ಕೆ ಇದೂ ಒಂದು ಕಾರಣ ಇರಬಹುದು. ಇಷ್ಟು ಸಲ ಸೋತೆ, ಇನ್ನು ಗೆಲುವು ಬರಲೇಬೇಕು ಎಂಬ ಲೆಕ್ಕವೂ ಜೊತೆಗೂಡುತ್ತದೆ. ದಾಳಕ್ಕೆ ಹಿಂದಿನ ಎಸೆತದ ನೆನಪಿರುವುದಿಲ್ಲ.

ಗೆದ್ದವರೂ ಇದ್ದಾರಲ್ಲ?

ಇದ್ದಾರೆ. ಆದರೆ ಅವರನ್ನು ನೋಡಿ ತೀರ್ಮಾನಕ್ಕೆ ಬರುವ ಮೊದಲು ಒಂದು ಸಣ್ಣ ಲೆಕ್ಕ ಮಾಡಬೇಕು. ಯಾರಿಗೂ ಯಾವ ಕೌಶಲವೂ ಇಲ್ಲ, ವರ್ಷಕ್ಕೆ ಹತ್ತರಲ್ಲಿ ಒಬ್ಬರು ಕೇವಲ ಅದೃಷ್ಟದಿಂದ ಲಾಭ ಮಾಡುತ್ತಾರೆ ಎಂದುಕೊಳ್ಳಿ. 1 ಕೋಟಿ ಮಂದಿಯಲ್ಲಿ ಮೊದಲ ವರ್ಷ 10 ಲಕ್ಷ ಮಂದಿ ಗೆಲ್ಲುತ್ತಾರೆ. ಅವರಲ್ಲಿ 1 ಲಕ್ಷ ಮಂದಿ ಎರಡನೇ ವರ್ಷವೂ ಗೆಲ್ಲುತ್ತಾರೆ. ಮೂರನೇ ವರ್ಷ 10,000 ಮಂದಿ ಉಳಿಯುತ್ತಾರೆ.

ಮೂರು ವರ್ಷ ಸತತವಾಗಿ ಲಾಭ ತೋರಿಸಬಲ್ಲ 10,000 ಮಂದಿ! ಅದೂ ಬರೀ ಅದೃಷ್ಟದಿಂದ. ಯೂಟ್ಯೂಬ್ ತುಂಬಿಸಲು, ಕೋರ್ಸ್ ಮಾರಲು, ಲಾಭದ ಸ್ಕ್ರೀನ್‌ಶಾಟ್ ಹಂಚಲು ಇಷ್ಟು ಮಂದಿ ಧಾರಾಳವಾಗಿ ಸಾಕು. ಸೋತ ಉಳಿದವರು ವಿಡಿಯೊ ಮಾಡುವುದಿಲ್ಲ. ನಿಜವಾದ ಕೌಶಲ ಇರುವವರು ಇಲ್ಲವೆಂದಲ್ಲ. ಆದರೆ ಲಾಭದ ದಾಖಲೆಯೊಂದನ್ನೇ ನೋಡಿ ಕೌಶಲವನ್ನೂ ಅದೃಷ್ಟವನ್ನೂ ಬೇರ್ಪಡಿಸಲು ಆಗದು.

ನೋಂದಣಿ ಇಲ್ಲದ ಇಂಥ 'ಫಿನ್‌ಫ್ಲುಯೆನ್ಸರ್'ಗಳ ಜೊತೆ ಬ್ರೋಕರ್‌ಗಳು ಕೈಜೋಡಿಸುವುದಕ್ಕೆ ಸೆಬಿ 2024ರಲ್ಲಿ ತಡೆ ಹಾಕಿದೆ. ಷೇರುಪೇಟೆ ಶಿಕ್ಷಣದ ಹೆಸರಿನಲ್ಲಿ ಪಾಠ ಮಾಡುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ.

ಸರಾಸರಿಯೊಳಗೆ ಅಡಗಿರುವ ಬಾಲ

ತಲಾ ಸರಾಸರಿ 2 ಲಕ್ಷ ನಷ್ಟ ಎಂಬ ಮಾತನ್ನೂ ಹಾಗೇ ನುಂಗಬಾರದು. ಅದೇ ಅಧ್ಯಯನದ ಪ್ರಕಾರ, ಅತಿ ಹೆಚ್ಚು ಕಳೆದುಕೊಂಡ ಶೇ. 3.5ರಷ್ಟು ಮಂದಿ, ಅಂದರೆ ಸುಮಾರು 4 ಲಕ್ಷ ಜನ, ತಲಾ ಸರಾಸರಿ 28 ಲಕ್ಷ ರೂಪಾಯಿ ಕಳೆದುಕೊಂಡಿದ್ದಾರೆ. ಗುಣಿಸಿದರೆ 1.12 ಲಕ್ಷ ಕೋಟಿ ರೂಪಾಯಿ. ಮೂರು ವರ್ಷದ ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಸಣ್ಣ ಗುಂಪಿನದ್ದೇ. ಹಾಗಾದರೆ ಬಹುತೇಕರ ನಷ್ಟ 2 ಲಕ್ಷಕ್ಕಿಂತ ಸಾಕಷ್ಟು ಕಡಿಮೆ, ಕೆಲವರದ್ದು ಮನೆ ಮಾರುವಷ್ಟು ಹೆಚ್ಚು.

ಇಂಥದ್ದಕ್ಕೆ ಉದ್ದ ಬಾಲದ ಹಂಚಿಕೆ ಎನ್ನುತ್ತಾರೆ. ಸರಾಸರಿ ಎಂಬ ಒಂದೇ ಸಂಖ್ಯೆ ಈ ಬಾಲವನ್ನು ಮರೆಮಾಡುತ್ತದೆ. ಸಂಸಾರ ಹಾಳಾಗುವುದು ಸರಾಸರಿಯಿಂದ ಅಲ್ಲ, ಬಾಲದಿಂದ.

ಗಂಟೆಯಾಕಾರದ ರೇಖೆ ಕೈಕೊಟ್ಟ ದಿನಗಳು

ಪೇಟೆಯ ದಿನದ ಏರಿಳಿತಕ್ಕೂ ಒಂದು ಹಂಚಿಕೆ ಇದೆ. ಪಠ್ಯಪುಸ್ತಕದಲ್ಲಿ ಕಾಣುವ ಗಂಟೆಯಾಕಾರದ ನಾರ್ಮಲ್ ರೇಖೆಯನ್ನು ಇದಕ್ಕೂ ಅನ್ವಯಿಸುವ ಅಭ್ಯಾಸ ಹಳೆಯದು. 1900ರಲ್ಲೇ ಫ್ರಾನ್ಸ್‌ನ ಲೂಯಿ ಬಶೆಲಿಯೆ ಪ್ಯಾರಿಸ್ ಷೇರುಪೇಟೆಯ ಬೆಲೆಗಳನ್ನು ಹೀಗೆ ಲೆಕ್ಕ ಹಾಕಿದ್ದರು. 1973ರಲ್ಲಿ ಬಂದ ಪ್ರಸಿದ್ಧ ಬ್ಲ್ಯಾಕ್-ಶೋಲ್ಸ್ ಸೂತ್ರದ ಅಡಿಪಾಯವೂ ಇದೇ ರೇಖೆ.

ಈ ರೇಖೆ ನಂಬಿದರೆ ದೊಡ್ಡ ಕುಸಿತ ಅಸಾಧ್ಯ ಎನ್ನುವಷ್ಟು ಅಪರೂಪ. ದಿನದ ಏರಿಳಿತದ ಮಾನಕ ವಿಚಲನೆ ಶೇ. 1 ಎಂದುಕೊಳ್ಳೋಣ. ನಾರ್ಮಲ್ ಲೆಕ್ಕದಲ್ಲಿ ಸುಮಾರು ಶೇ. 68ರಷ್ಟು ದಿನಗಳಲ್ಲಿ ಏರಿಳಿತ ಶೇ. 1ರೊಳಗೆ, ಶೇ. 99.7ರಷ್ಟು ದಿನಗಳಲ್ಲಿ ಶೇ. 3ರೊಳಗೆ ಇರಬೇಕು. ಒಂದೇ ದಿನ ಶೇ. 6ರಷ್ಟು ಕುಸಿತ ಹತ್ತು ಲಕ್ಷ ವರ್ಷಕ್ಕೊಮ್ಮೆಯೂ ಬರಬಾರದು.

ಆದರೆ 2024ರ ಜೂನ್ 4ರಂದು ಏನಾಯಿತು? ಅಂದು ಲೋಕಸಭಾ ಚುನಾವಣೆ ಫಲಿತಾಂಶ. ಎಕ್ಸಿಟ್ ಪೋಲ್ ನಂಬಿ ಹಿಂದಿನ ದಿನ ಶೇ. 3ಕ್ಕೂ ಹೆಚ್ಚು ಜಿಗಿದಿದ್ದ ನಿಫ್ಟಿ, ಮತ ಎಣಿಕೆಯ ದಿನ ಶೇ. 5.9ರಷ್ಟು ಕುಸಿಯಿತು. ಸೆನ್ಸೆಕ್ಸ್ 4,390 ಅಂಶ ಕಳೆದುಕೊಂಡಿತು. ಅದಕ್ಕೂ ನಾಲ್ಕು ವರ್ಷ ಮೊದಲು, ಕೋವಿಡ್ ಲಾಕ್‌ಡೌನ್ ಭೀತಿಯ 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ. 13ರಷ್ಟು ಬಿದ್ದಿತ್ತು. ಹತ್ತು ಲಕ್ಷ ವರ್ಷಕ್ಕೊಮ್ಮೆಯೂ ಬರಬಾರದ ದಿನ ಐದು ವರ್ಷದೊಳಗೆ ಮತ್ತೆ ಮತ್ತೆ ಬಂದರೆ ತಪ್ಪು ಪೇಟೆಯದ್ದಲ್ಲ, ರೇಖೆಯದ್ದು.

ಪೇಟೆಯ ಹಂಚಿಕೆಯ ಬಾಲ ದಪ್ಪಗಿದೆ ಎಂದು ಬೆನ್ವಾ ಮ್ಯಾಂಡೆಲ್‌ಬ್ರಾಟ್ 1963ರಲ್ಲೇ ಹತ್ತಿ ಬೆಲೆಗಳನ್ನು ಅಧ್ಯಯನ ಮಾಡಿ ತೋರಿಸಿದ್ದರು. ಆದರೂ 1998ರಲ್ಲಿ ಅಮೆರಿಕದ 'ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್' ಎಂಬ ನಿಧಿ ಕುಸಿದುಬಿತ್ತು. ಅದರ ಪಾಲುದಾರರಲ್ಲಿ ಮೈರನ್ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್ ಇದ್ದರು. ಆಪ್ಷನ್ ಬೆಲೆಯ ಸೂತ್ರಕ್ಕಾಗಿ ಇಬ್ಬರೂ ಹಿಂದಿನ ವರ್ಷವಷ್ಟೇ ಅರ್ಥಶಾಸ್ತ್ರದ ನೊಬೆಲ್ ಪಡೆದಿದ್ದರು. ಆ ನಿಧಿಯನ್ನು ಎತ್ತಿಹಿಡಿಯಲು ಬ್ಯಾಂಕುಗಳು ಒಟ್ಟಾಗಿ ಸುಮಾರು 360 ಕೋಟಿ ಡಾಲರ್ ಹಾಕಬೇಕಾಯಿತು. ಸೂತ್ರ ಬರೆದವರನ್ನೇ ಬಿಡದ ಬಾಲ, ಮೊಬೈಲ್‌ನಲ್ಲಿ ಆಪ್ಷನ್ ಮಾರುವವರನ್ನು ಬಿಡುತ್ತದೆಯೇ?

ದಾಳ ಯಾರ ಕೈಯಲ್ಲಿದೆ?

ಎಫ್ ಆ್ಯಂಡ್ ಒ ವಹಿವಾಟಿನಲ್ಲಿ ಒಬ್ಬರ ಲಾಭ ಇನ್ನೊಬ್ಬರ ನಷ್ಟ. 2023-24ರಲ್ಲಿ ವೆಚ್ಚ ಸೇರಿಸದೆ ವೈಯಕ್ತಿಕ ಹೂಡಿಕೆದಾರರು ಸುಮಾರು 61,000 ಕೋಟಿ ರೂಪಾಯಿ ಕಳೆದುಕೊಂಡರೆ, ಸ್ವಂತ ಹಣದಲ್ಲಿ ವಹಿವಾಟು ನಡೆಸುವ ಪ್ರೊಪ್ರೈಟರಿ ಸಂಸ್ಥೆಗಳು 33,000 ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳು 28,000 ಕೋಟಿ ಲಾಭ ಮಾಡಿದವು. ಈ ಲಾಭದ ಬಹುಪಾಲು ಕಂಪ್ಯೂಟರ್ ತಾನೇ ನಡೆಸುವ ಆಲ್ಗೊ ವಹಿವಾಟಿನಿಂದ ಬಂದದ್ದು.

ಸಣ್ಣ ಅನುಕೂಲವನ್ನು ದಿನಕ್ಕೆ ಸಾವಿರಾರು ಸಲ ಬಳಸಿಕೊಳ್ಳುವವರಿಗೆ ಸರಾಸರಿ ಬೇಗ ಕೈಸೇರುತ್ತದೆ, ಒಂದೆರಡು ಹೊಡೆತ ತಾಳಿಕೊಳ್ಳುವ ಬಂಡವಾಳವೂ ಇರುತ್ತದೆ. 5 ಲಕ್ಷದೊಳಗೆ ದುಡಿಯುವವರಿಗೆ ಎರಡೂ ಇಲ್ಲ. ಮೇಲಾಗಿ ಗೆಲ್ಲಲಿ, ಸೋಲಲಿ, ಪ್ರತಿ ಸಲ ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಸರ್ಕಾರದ ತೆರಿಗೆ ಕಟ್ಟಲೇಬೇಕು. ಮೂರು ವರ್ಷದಲ್ಲಿ ವೈಯಕ್ತಿಕ ಹೂಡಿಕೆದಾರರು ವೆಚ್ಚದ ರೂಪದಲ್ಲೇ ಸುಮಾರು 50,000 ಕೋಟಿ ರೂಪಾಯಿ ತೆತ್ತಿದ್ದಾರೆ. ಆಟದ ಒಟ್ಟು ಮೊತ್ತ ಸೊನ್ನೆಯೂ ಅಲ್ಲ, ಸೊನ್ನೆಗಿಂತ ಕೆಳಗೆ.

ದಾಳವೇ ಸರಿಯಿದೆಯೇ ಎಂಬ ಪ್ರಶ್ನೆಯೂ ಎದ್ದಿದೆ. ಅಮೆರಿಕದ ಜೇನ್ ಸ್ಟ್ರೀಟ್ ಸಮೂಹ ಒಪ್ಪಂದ ಮುಗಿಯುವ ದಿನಗಳಲ್ಲಿ ಸೂಚ್ಯಂಕವನ್ನು ತನಗೆ ಬೇಕಾದಂತೆ ಎಳೆದಾಡಿತು ಎಂದು ಸೆಬಿ 2025ರ ಜುಲೈ 3ರ ಮಧ್ಯಂತರ ಆದೇಶದಲ್ಲಿ ಆರೋಪಿಸಿ, 4,843 ಕೋಟಿ ರೂಪಾಯಿ ಜಪ್ತಿಗೆ ಸೂಚಿಸಿತು. ಕಂಪನಿ ಆರೋಪವನ್ನು ತಳ್ಳಿಹಾಕಿದೆ. ಕೊನೆಗೆ ಏನೇ ತೀರ್ಮಾನ ಬರಲಿ, ಇಲ್ಲಿನ ಹಂಚಿಕೆ ಪ್ರಕೃತಿ ಕೊಟ್ಟದ್ದಲ್ಲ, ಆಟಗಾರರ ಬಲಾಬಲದಿಂದ ರೂಪುಗೊಂಡದ್ದು ಎಂಬುದನ್ನು ಮರೆಯುವಂತಿಲ್ಲ.

ಹಾಗಾದರೆ ಆಪ್ಷನ್ಸ್ ಬೇಡವೇ ಬೇಡವೇ?

ಹಾಗಲ್ಲ. ವಾಹನ ವಿಮೆಯನ್ನೇ ನೋಡಿ. ಕಟ್ಟುವ ಪ್ರೀಮಿಯಂಗೆ ಹೋಲಿಸಿದರೆ ಸರಾಸರಿ ವಾಪಸ್ ಸಿಗುವುದು ಕಡಿಮೆ. ಇಲ್ಲದಿದ್ದರೆ ವಿಮಾ ಕಂಪನಿ ನಡೆಯುವುದು ಹೇಗೆ? ಆದರೂ ವಿಮೆ ಮಾಡಿಸುವುದು ಜಾಣತನ. ಏಕೆಂದರೆ ಸಣ್ಣ, ಖಚಿತ ಖರ್ಚು ಕೊಟ್ಟು ತಡೆಯಲಾಗದ ದೊಡ್ಡ ಹೊಡೆತವನ್ನು ಹಂಚಿಕೆಯಿಂದ ಕತ್ತರಿಸಿ ಹಾಕುತ್ತೇವೆ.

ಆಪ್ಷನ್ ಹುಟ್ಟಿದ್ದೂ ಇದಕ್ಕೇ. ಹತ್ತಾರು ಲಕ್ಷದ ಷೇರು ಇಟ್ಟುಕೊಂಡವರು ಕುಸಿತದ ಭಯಕ್ಕೆ ಪುಟ್ ಆಪ್ಷನ್ ಕೊಂಡರೆ ಅದು ವಿಮೆ. ಷೇರೇ ಇಲ್ಲದವರು ವಾರ ವಾರ ಅದನ್ನು ಮಾರಿದರೆ, ಅವರು ತಮಗೆ ಗೊತ್ತಿಲ್ಲದೆಯೇ ಬೇರೆಯವರ ಬಾಲವನ್ನು ಕೊರಳಿಗೆ ಸುತ್ತಿಕೊಂಡ ವಿಮಾ ಕಂಪನಿ. ಅದೂ ಬಂಡವಾಳವಿಲ್ಲದ, ಒಂದೇ ಪಾಲಿಸಿಯ ಕಂಪನಿ. ಹಾಗಾಗಿ ಲಾಭ ಬರುತ್ತದೆಯೇ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಬಾಲ ಕತ್ತರಿಸುತ್ತಿದ್ದೇನೆಯೇ, ಅಂಟಿಸಿಕೊಳ್ಳುತ್ತಿದ್ದೇನೆಯೇ?

ಎಚ್ಚರಿಕೆ ಬದಲಾಗಬೇಕಿರುವುದು ಎಲ್ಲಿ?

2024ರ ಅಕ್ಟೋಬರ್‌ನಲ್ಲಿ ಸೆಬಿ ನಿಯಮ ಬಿಗಿಗೊಳಿಸಿತು. ಒಪ್ಪಂದದ ಕನಿಷ್ಠ ಮೌಲ್ಯ 15 ಲಕ್ಷ ರೂಪಾಯಿಗೆ ಏರಿತು. ಒಂದು ಎಕ್ಸ್‌ಚೇಂಜ್‌ಗೆ ಒಂದೇ ಸೂಚ್ಯಂಕದ ವಾರದ ಒಪ್ಪಂದ ಎಂದಾಯಿತು. ನಂತರದ ತಿಂಗಳುಗಳಲ್ಲಿ ವೈಯಕ್ತಿಕ ಹೂಡಿಕೆದಾರರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇ. 20ರಷ್ಟು ಇಳಿಯಿತು. ಪ್ರವೇಶದ ಬಾಗಿಲು ಕಿರಿದಾಯಿತು, ಒಳಗಿದ್ದವರ ಲೆಕ್ಕ ಬದಲಾಗಲಿಲ್ಲ.

ಪರದೆಯ ಮೇಲಿನ ಎಚ್ಚರಿಕೆಯ ದೌರ್ಬಲ್ಯ ಎಂದರೆ ಅದು ಎಲ್ಲರಿಗೂ ಒಂದೇ. 10ರಲ್ಲಿ 9 ಮಂದಿ ಸೋಲುತ್ತಾರೆ ಎಂದಾಗ ಪ್ರತಿಯೊಬ್ಬರೂ ತಾನು ಹತ್ತನೆಯವನು ಎಂದುಕೊಳ್ಳುತ್ತಾರೆ. ಆದರೆ ಪ್ರತಿ ಗ್ರಾಹಕನ ಪೂರ್ತಿ ಇತಿಹಾಸ ಬ್ರೋಕರ್ ಬಳಿ ಇದೆ. ದೇಶದ ಅತಿದೊಡ್ಡ ಬ್ರೋಕಿಂಗ್ ಆ್ಯಪ್‌ಗಳಾದ ಗ್ರೋ ಮತ್ತು ಝೆರೋಧಾ ಎರಡೂ ಬೆಂಗಳೂರಿನವು, ತಂತ್ರಜ್ಞಾನಕ್ಕೆ ಕೊರತೆಯಿಲ್ಲ. ಅದೇ ಜಾಗದಲ್ಲಿ ಗ್ರಾಹಕನ ಸ್ವಂತ ಲೆಕ್ಕ ಬಂದರೆ ಹೇಗೆ? ಎಷ್ಟು ಸಲ ಗೆದ್ದಿರಿ, ಗೆದ್ದಾಗ ಸರಾಸರಿ ಎಷ್ಟು, ಸೋತಾಗ ಎಷ್ಟು, ಅತಿ ದೊಡ್ಡ ಹೊಡೆತ ಎಷ್ಟು, ಶುಲ್ಕಕ್ಕೆ ಹೋದದ್ದೆಷ್ಟು. ಐದೇ ಸಂಖ್ಯೆ. ಸೆಬಿ ಇದನ್ನು ಕಡ್ಡಾಯ ಮಾಡಲು ಹೊಸ ಕಾನೂನು ಬೇಕಿಲ್ಲ, 2023ರಂಥದ್ದೇ ಒಂದು ಸುತ್ತೋಲೆ ಸಾಕು.

ಅದು ಬರುವವರೆಗೆ ಕಾಯಬೇಕಿಲ್ಲ. ಬ್ರೋಕರ್ ಕೊಡುವ ಲಾಭ-ನಷ್ಟದ ವರದಿಯನ್ನು ಡೌನ್‌ಲೋಡ್ ಮಾಡಿಕೊಂಡು ಈ ಐದು ಸಂಖ್ಯೆಗಳನ್ನು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಬರೆದಿಡಬಹುದು. ಗೆದ್ದ ಸಲಗಳ ಮೊತ್ತ ಸೋತ ಸಲಗಳ ಮೊತ್ತವನ್ನೂ ಶುಲ್ಕವನ್ನೂ ಮೀರದಿದ್ದರೆ, ನಾಳೆ ಬೆಳಗ್ಗೆ ಒಪ್ಪಿಗೆ ಬಟನ್ ಒತ್ತುವ ಮುನ್ನ ಆ ಕಾಗದವನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳಿತು.